ವೆಂಡೆಲ್ ಫ್ರಾಸ್ಟ್ ಅವರ ಶಾಪ

ವೆಂಡೆಲ್ ಫ್ರಾಸ್ಟ್ ಇಪ್ಪತ್ತೊಂದು ವರ್ಷಗಳಲ್ಲಿ ನೂರ ಮೂವತ್ತೆಂಟು ಪಾತ್ರಗಳನ್ನು ಮಾಡಿದರು. ಅವುಗಳ ಪೈಕಿ ಐವತ್ತೆರಡರಲ್ಲಿ ಸತ್ತರು: ಮೂವತ್ತೊಂದು ಸಲ ಗುಂಡಿನಿಂದ, ಒಂಬತ್ತು ಸಲ ಚೂರಿಯಿಂದ, ಐದು ಸಲ ನೇಣಿನಿಂದ, ಉಳಿದ ಏಳು ಸಲ ನೀರು, ಬೆಂಕಿ, ಹಾವುಗಳಿಂದ. ಲೆಕ್ಕ ಇಟ್ಟವರು ಅವರ ಮಗಳು ಮಾರ್ಥಾ. ನಾನು ಕೂಡಿ ನೋಡಿದೆ, ಸರಿಯಾಗಿದೆ.

ಇಂಥವರನ್ನು ಇಂಗ್ಲಿಷಿನವರು ಕ್ಯಾರೆಕ್ಟರ್ ಆಕ್ಟರ್ ಎನ್ನುತ್ತಾರೆ. ನಾವು ಪೋಷಕ ನಟ ಎನ್ನುತ್ತೇವೆ. ನಮ್ಮ ಮಾತೇ ಹೆಚ್ಚು ನಿಖರವಾದದ್ದು. ನಾಯಕ ಕುದುರೆಯಿಂದ ಇಳಿದಾಗ ಲಗಾಮು ಹಿಡಿದುಕೊಳ್ಳುವವನು, ಬ್ಯಾಂಕಿನ ಕಿಟಕಿಯಲ್ಲಿ ಕೈ ಎತ್ತಿ ನಿಲ್ಲುವವನು, ಬಾಗಿಲು ತೆಗೆದು ಕೆಟ್ಟ ಸುದ್ದಿ ಹೇಳುವವನು, ಇವರೆಲ್ಲ ಸೇರಿ ನಾಯಕನನ್ನು ಸಾಕುತ್ತಾರೆ. ಪ್ರೇಕ್ಷಕ ಅವರ ಮುಖವನ್ನು ಗುರುತಿಸುತ್ತಾನೆ, ಹೆಸರನ್ನು ಅಲ್ಲ.

ಫ್ರಾಸ್ಟ್ ಹುಟ್ಟಿದ್ದು ಡೆಟ್ರಾಯಿಟ್ ನಗರದ ಮಗ್ಗುಲಲ್ಲಿರುವ ಹ್ಯಾಮ್‌ಟ್ರಾಮಿಕ್‌ನಲ್ಲಿ, ಪೋಲೆಂಡಿನಿಂದ ಬಂದವರ ಮನೆಯಲ್ಲಿ. ತಂದೆ ಕಾರು ಕಾರ್ಖಾನೆಯ ಕೂಲಿ. ಮನೆತನದ ಹೆಸರು ಮ್ರೋಸ್. ಅವರ ಭಾಷೆಯಲ್ಲಿ ಹಾಗೆಂದರೆ ಹಿಮ. ಚಿತ್ರ ಕಂಪನಿಯವರು ಅದನ್ನು ಇಂಗ್ಲಿಷಿಗೆ ತಿರುಗಿಸಿ ಫ್ರಾಸ್ಟ್ ಎಂದು ಹೆಸರಿಟ್ಟರು. ಕೊಕ್ಕಿನಂಥ ಮೂಗು, ಕಪ್ಪು ಕೂದಲು, ಗುಳಿಬಿದ್ದ ಕಣ್ಣು. ಹಾಗಾಗಿ ಮೆಕ್ಸಿಕೋದವನು, ಅರಬ, ಬುಡಕಟ್ಟಿನ ನಾಯಕ, ಎರಡು ಸಲ ಹಿಂದೂ ಸನ್ಯಾಸಿ, ಹೀಗೆ ಎಲ್ಲವೂ ಆದರು. ಡಬ್ಬಿಯಿಂದ ತೆಗೆದ ಕಂದು ಬಣ್ಣವನ್ನು ಬಳಿದುಕೊಂಡು ನಿಮ್ಮವನಾಗಿ ನಟಿಸಿದ್ದೇನೆ, ಅದಕ್ಕಾಗಿ ಕ್ಷಮೆ ಕೇಳಬೇಕೇ ಎಂದು ಒಮ್ಮೆ ನನ್ನನ್ನು ವಿಚಾರಿಸಿದ್ದರು. ಆ ನಿಯಮ ನೀವು ಮಾಡಿದ್ದಲ್ಲ ಎಂದು ಹೇಳಿ ನಾನು ಎಲೆ ಗುಡಿಸುವುದನ್ನು ಮುಂದುವರಿಸಿದೆ.

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ ಅವರು ನಟನೆ ಬಿಟ್ಟು ಮಿಷಿಗನ್‌ಗೆ ಮರಳಿ, ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ನಾಟಕ ಕಲಿಸಿ ನಿವೃತ್ತರಾದರು. ಈಗ ವಯಸ್ಸು ತೊಂಬತ್ತಮೂರು. ವೆಸ್ಟ್ ಬ್ಲೂಮ್‌ಫೀಲ್ಡ್‌ನ ನಮ್ಮ ಬಡಾವಣೆಯಲ್ಲಿ ಮಗಳೊಂದಿಗೆ ನಮ್ಮ ಪಕ್ಕದ ಮನೆಯಲ್ಲಿದ್ದಾರೆ. ಹನ್ನೊಂದು ವರ್ಷಗಳಲ್ಲಿ ನಾವಿಬ್ಬರೂ ಹಿಮ, ಹುಲ್ಲು ಮತ್ತು ಕೆರೆಯಿಂದ ಬಂದು ಗಲೀಜು ಮಾಡುವ ಬಾತುಗಳನ್ನು ಬಿಟ್ಟು ಬೇರೆ ವಿಷಯ ಮಾತಾಡಿದ್ದು ಕಡಿಮೆ.

ಕಳೆದ ಸೆಪ್ಟೆಂಬರಿನಲ್ಲಿ ಅವರಿಗೆ ಷಿಕಾಗೋದ ಒಂದು ಸಣ್ಣ ಚಲನಚಿತ್ರ ಸಂಘದಿಂದ ಪತ್ರ ಬಂತು. ಕಳೆದುಹೋಯಿತೆಂದು ಎಲ್ಲರೂ ನಂಬಿದ್ದ ‘ನರ್ಮದೆಯ ಮಾಣಿಕ್ಯ’ ಎಂಬ ಹಳೆಯ ಚಿತ್ರದ ಪ್ರತಿ ಯಾವುದೋ ಉಗ್ರಾಣದಲ್ಲಿ ಸಿಕ್ಕಿದೆ. ನವೆಂಬರಿನ ಎರಡನೆಯ ಭಾನುವಾರ ಮಧ್ಯಾಹ್ನ ತೋರಿಸುತ್ತೇವೆ. ಆ ಚಿತ್ರದವರಲ್ಲಿ ಬದುಕಿರುವವರು ನೀವೊಬ್ಬರೇ, ದಯಮಾಡಿ ಬರಬೇಕು ಎಂದಿತ್ತು. ಕೊನೆಯ ಸಾಲಿನಲ್ಲಿ, ಚಿತ್ರದ ನಾಯಕ ದಿವಂಗತ ರಸೆಲ್ ಟ್ರೆಂಟರ ಮಗಳು ಎಲೀನರ್ ಅರಿಜೋನಾದಿಂದ ಬರಲಿದ್ದಾರೆ ಎಂದೂ ಇತ್ತು.

ಆ ಸಾಲನ್ನು ಓದಿದ ಮೇಲೆ ಫ್ರಾಸ್ಟ್ ಎರಡು ದಿನ ಹೊರಗೆ ಬರಲಿಲ್ಲ. ಮೂರನೆಯ ದಿನ ಎದುರು ಮನೆಯ ವಿಶ್ರುತ್‌ನನ್ನು ಕರೆದರು.

ವಿಶ್ರುತ್ ಬೆಂಗಳೂರಿನವನು, ಮೂವತ್ತಮೂರು ವರ್ಷದ ಎಂಜಿನಿಯರ್, ಒಳ್ಳೆಯವನು. ಅವಸರದವನು. ಅಂದು ಸಂಜೆ ಅವನು ನಮ್ಮ ಅಡುಗೆಮನೆಯಲ್ಲಿ ನನ್ನ ಹೆಂಡತಿ ಶಾರದ ಕೊಟ್ಟ ಕಾಫಿಯನ್ನು ಕುಡಿಯದೆ ಹಿಡಿದುಕೊಂಡು ಕುಳಿತಿದ್ದ.

“ಅಂಕಲ್, ನನ್ನಿಂದ ಒಂದು ಎಡವಟ್ಟಾಗಿದೆ ಅನ್ಸುತ್ತೆ.”

ಅವನು ಹೇಳಿದ್ದನ್ನೂ ಆಮೇಲೆ ಮಾರ್ಥಾ ಹೇಳಿದ್ದನ್ನೂ ಸೇರಿಸಿದರೆ ಸಂಗತಿ ಇಷ್ಟು.

ಸಾವಿರದ ಒಂಬೈನೂರ ಐವತ್ತೇಳರಲ್ಲಿ ಕ್ಯಾಲಿಫೋರ್ನಿಯದ ಒಂದು ಮರಳುಗುಡ್ಡವನ್ನು ನರ್ಮದೆಯ ದಂಡೆಯೆಂದು ತೋರಿಸಿ ಆ ಚಿತ್ರವನ್ನು ತೆಗೆದರು. ಹೊಳೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ನಾಯಕ ಗುಡಿಯಿಂದ ಮಾಣಿಕ್ಯ ಕದಿಯುತ್ತಾನೆ. ಗುಡಿ ಕಾಯುವ ಸನ್ಯಾಸಿ ಅವನನ್ನು ಶಪಿಸುತ್ತಾನೆ. ಸನ್ಯಾಸಿ ಫ್ರಾಸ್ಟ್. ಶಾಪ ನಿಜವಾದ ಹಿಂದೂ ಭಾಷೆಯಲ್ಲೇ ಇರಬೇಕೆಂದು ನಿರ್ದೇಶಕನಿಗೆ ಹಟ. ಹತ್ತಿರದ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಮೂರ್ತಿ ಎಂಬ ಮೈಸೂರಿನ ವಿದ್ಯಾರ್ಥಿಯನ್ನು ಕರೆಸಿದರು. ಮೂರ್ತಿ ಒಂದು ಗಂಟೆಯಲ್ಲಿ ಹನ್ನೊಂದು ಸಾಲುಗಳನ್ನು ಬಾಯಿಪಾಠ ಮಾಡಿಸಿ ಹೊರಟುಹೋದ. ಅರ್ಥವನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆ ದೃಶ್ಯದ ಹಿಂದಿನ ದಿನ ಫ್ರಾಸ್ಟರ ತಾಯಿ ಮಗನನ್ನು ನೋಡಲು ರೈಲಿನಲ್ಲಿ ಬಂದಿದ್ದರು, ಕೈಯಲ್ಲಿ ಮನೆಯಲ್ಲಿ ಬೇಯಿಸಿದ ಕಡುಬಿನ ಡಬ್ಬಿ. ಆಕೆಯ ಇಂಗ್ಲಿಷ್ ಹರುಕು ಮುರುಕು. ರಸೆಲ್ ಟ್ರೆಂಟ್ ನಲವತ್ತು ಜನರ ಮುಂದೆ ಆಕೆಯ ಮಾತನ್ನು ಅಣಕಿಸಿ ತೋರಿಸಿದ. ಎಲ್ಲರೂ ನಕ್ಕರು. ತನ್ನನ್ನೇ ಅಣಕಿಸುತ್ತಿದ್ದಾನೆಂದು ತಿಳಿಯದೆ ತಾಯಿಯೂ ನಕ್ಕರು. ಮರುದಿನ ಫ್ರಾಸ್ಟ್ ಆ ಹನ್ನೊಂದು ಸಾಲುಗಳನ್ನು ಟ್ರೆಂಟನ ಮುಖ ನೋಡಿ ಹೇಳಿದಾಗ ಅದರಲ್ಲಿ ನಟನೆ ಇರಲಿಲ್ಲ. ಮೂರನೆಯ ದಿನ ಟ್ರೆಂಟನ ಕಾರು ಬೆಟ್ಟದ ದಾರಿಯಿಂದ ಉರುಳಿತು. ಅವನು ಕೆಮ್ಮಣ್ಣಿನ ಇಳಿಜಾರಿನಲ್ಲಿ ಮುಖ ಕೆಳಗಾಗಿ ಸತ್ತು ಬಿದ್ದಿದ್ದ. ವಯಸ್ಸು ಮೂವತ್ತನಾಲ್ಕು. ಉಳಿದ ಭಾಗವನ್ನು ಬೇರೊಬ್ಬನ ಬೆನ್ನು ತೋರಿಸಿ ಮುಗಿಸಿದರು. ಆ ಶಾಪದ ದೃಶ್ಯ ನೋಡಿದ ನಿರ್ಮಾಪಕರು ಫ್ರಾಸ್ಟರನ್ನು ಮುಂದಿನ ಹದಿನೇಳು ವರ್ಷ ಬಿಡುವಿಲ್ಲದೆ ಕರೆದರು.

ಅಂದಿನಿಂದ ಫ್ರಾಸ್ಟರಿಗೆ ಇದ್ದ ಸಮಾಧಾನ ಒಂದೇ: ಆ ಮಾತಿನ ಅರ್ಥ ತನಗೆ ಗೊತ್ತಿಲ್ಲ. ಅದು ನೀರು ತಾ ಎಂದೂ ಇರಬಹುದು, ಬಾಗಿಲು ಹಾಕು ಎಂದೂ ಇರಬಹುದು. ಈಗ ಸತ್ತವನ ಮಗಳ ಮುಖ ನೋಡುವ ಮೊದಲು ಅರ್ಥ ತಿಳಿಯಬೇಕೆನಿಸಿತು. ವಿಶ್ರುತ್‌ನ ಮುಂದೆ ನೆನಪಿದ್ದಷ್ಟನ್ನು ಗುನುಗಿ, ಇದು ನಿಮ್ಮ ಭಾಷೆಯೇ, ಏನು ಹೇಳುತ್ತದೆ ಎಂದು ಕೇಳಿದರು.

“ಪೂರ್ತಿ ನೆನಪಿಲ್ಲ ಅಂಕಲ್. ಸಣ್ಣ ದನಿ, ಆ ಆಕ್ಸೆಂಟು ಬೇರೆ. ಮಧ್ಯೆ ಮಧ್ಯೆ ‘ಮುಕ್ಕ, ಮುಕ್ಕ’ ಅಂತ ಬರ್ತಿತ್ತು. ನಂಗೆ ಖುಷಿಯಾಗೋಯ್ತು. ಇದು ಕನ್ನಡ, ಮಣ್ಣು ಮುಕ್ಕು ಅಂತ ಬೈತೀವಿ, ಮಣ್ಣು ತಿಂದು ಹಾಳಾಗಿ ಹೋಗು ಅಂತ ಮೀನಿಂಗು ಅಂದುಬಿಟ್ಟೆ.”

“ಅದ್ರಲ್ಲಿ ಮಣ್ಣು ಎಲ್ಲಿತ್ತು?” ಎಂದು ಶಾರದ ಕೇಳಿದಳು.

“ಇರ್ಲಿಲ್ಲ ಆಂಟಿ. ನಾನೇ ಅಸ್ಯೂಮ್ ಮಾಡ್ಕೊಂಡೆ.”

“ಸ್ಕೂಲಲ್ಲಿ ಕನ್ನಡ ನಿಂಗೆ ಎಷ್ಟನೇ ಲ್ಯಾಂಗ್ವೇಜು?”

“ಥರ್ಡ್.”

“ಅದಕ್ಕೇ ನೀನು ಮುಕ್ಕಿದೀಯ ಮಣ್ಣು.”

ಅವನು ತಲೆ ತಗ್ಗಿಸಿದ. ಮಣ್ಣು ತಿನ್ನು ಎಂಬ ಅರ್ಥ ಕೇಳಿದೊಡನೆ ಫ್ರಾಸ್ಟ್ ಕುರ್ಚಿಯ ಕೈ ಹಿಡಿದುಕೊಂಡು ಎದ್ದು ಒಳಗೆ ಹೋದರಂತೆ. ಕೆಮ್ಮಣ್ಣಿನ ಇಳಿಜಾರಿನ ಸಂಗತಿ ವಿಶ್ರುತ್‌ಗೆ ಆಗ ಗೊತ್ತಿರಲಿಲ್ಲ. ಮಾರ್ಥಾ ಆಮೇಲೆ ಹೇಳಿದರು. ಅವರು ಇನ್ನೊಂದನ್ನೂ ಹೇಳಿದರು. ತಂದೆ ನಿರ್ಧಾರ ಮಾಡಿದ್ದಾರೆ: ಚಿತ್ರ ಮುಗಿದ ಮೇಲೆ ಎಲೀನರ್ ಎದುರು ನಿಂತು, ನಿನ್ನ ತಂದೆಯನ್ನು ಬಾಯಿಮಾತಿನಿಂದ ಕೊಂದವನು ನಾನು ಎಂದು ಹೇಳುತ್ತಾರೆ. ಆ ಹೆಂಗಸಿಗೆ ತಂದೆ ಸತ್ತಾಗ ನಾಲ್ಕು ವರ್ಷ. ಈಗ ಎಪ್ಪತ್ತೊಂದು. ನಡೆದಾಡುವ ತಂದೆಯನ್ನು ಒಮ್ಮೆ ನೋಡಲು ಆಕೆ ಬರುತ್ತಿದ್ದಾರೆ, ಇದನ್ನು ಕೇಳಿಸಿಕೊಳ್ಳಲು ಅಲ್ಲ ಎಂದು ಮಾರ್ಥಾ ಎಷ್ಟು ಹೇಳಿದರೂ ಅವರು ಒಪ್ಪುತ್ತಿಲ್ಲ.

ನನಗೆ ಒಂದು ಅನುಮಾನ ಬಂದಿತ್ತು. ಶಪಿಸುವವನು ಮುಕ್ಕು ಎನ್ನಬೇಕು ಅಥವಾ ಮುಕ್ಕಲಿ ಎನ್ನಬೇಕು. ಬರಿಯ ‘ಮುಕ್ಕ’ ವ್ಯಾಕರಣದಲ್ಲಿ ನಿಲ್ಲುವುದಿಲ್ಲ. ಆದರೆ ಎರಡು ಅಕ್ಷರದಿಂದ ಯಾವ ತೀರ್ಮಾನಕ್ಕೂ ಬರಲಾಗದು.

“ಅನುಮಾನ ಇದ್ರೆ ಹೋಗಿ ಕೇಳ್ರೀ,” ಎಂದಳು ಶಾರದ. “ಗ್ಯಾಸ್ ಬಿಲ್ಲಲ್ಲಿ ತಪ್ಪು ಹುಡುಕಕ್ಕೆ ಎರಡು ಗಂಟೆ ಕೂತಿರ್ತೀರ. ಮನುಷ್ಯನ ವಿಷಯಕ್ಕೆ ಹತ್ತು ಹೆಜ್ಜೆ ನಡೆಯಕ್ಕಾಗಲ್ವಾ?”

ಹೋದೆ. ಫ್ರಾಸ್ಟ್ ಕಿಟಕಿಯ ಬಳಿ ಕುಳಿತಿದ್ದರು. ಮುಂದೆ ಇಟ್ಟಿದ್ದ ಸೂಪು ತಣ್ಣಗಾಗಿ ಕೆನೆ ಕಟ್ಟಿತ್ತು. ಆ ಸಾಲುಗಳನ್ನು ನನ್ನ ಮುಂದೆ ಒಮ್ಮೆ ಹೇಳಿ ಎಂದೆ. ಅವರು ಆಗುವುದಿಲ್ಲವೆಂದು ತಲೆಯಾಡಿಸಿದರು.

“ಒಮ್ಮೆ ಗೊತ್ತಿಲ್ಲದೆ ಅಂದೆ. ಈಗ ಗೊತ್ತಿದ್ದೂ ಅನ್ನುವುದಿಲ್ಲ.”

ವಿಶ್ರುತ್ ಹೇಳಿದ್ದು ಊಹೆ, ಪ್ರಮಾಣವಲ್ಲ ಎಂದೆ. ಅವನು ನಿಮ್ಮ ಭಾಷೆಯವನೇ, ನೀವು ಈಗ ಬೇರೆ ಅರ್ಥ ಹೇಳಿದರೆ ಅದನ್ನು ಕರುಣೆಯೆಂದು ತಿಳಿಯುತ್ತೇನೆ ಎಂದರು. ಹಾಗಾದರೆ ನಾನೂ ಷಿಕಾಗೋಗೆ ಬರುತ್ತೇನೆ, ಪರದೆಯ ಮೇಲೆ ಏನು ಕೇಳುತ್ತದೋ ಅದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಶಾಪವಾಗಿದ್ದರೆ ಶಾಪ ಎಂದೇ ಹೇಳುತ್ತೇನೆ, ಅಲ್ಲಿಯವರೆಗೆ ನೀವು ಆಕೆಗೆ ಏನನ್ನೂ ಹೇಳಬಾರದು ಎಂದು ಷರತ್ತು ಹಾಕಿದೆ.

ಅವರು ಕಿಟಕಿಯಿಂದ ನನ್ನ ಕಡೆಗೆ ತಿರುಗಿದರು.

“ನೀವು ಕರುಣೆಯಿಂದ ಸುಳ್ಳು ಹೇಳುವವರಲ್ಲ, ಮಿಸ್ಟರ್ ರಾವ್. ಹನ್ನೊಂದು ವರ್ಷದಲ್ಲಿ ನನ್ನ ಹುಲ್ಲು ಚೆನ್ನಾಗಿದೆ ಎಂದು ಒಂದು ಸಲವೂ ಅಂದಿಲ್ಲ.”

“ಚೆನ್ನಾಗಿರಲಿಲ್ಲ,” ಎಂದೆ.

ಒಪ್ಪಿಕೊಂಡರು.

ಶನಿವಾರ ಬೆಳಗ್ಗೆ ಹೊರಟೆವು. ಕಾರು ವಿಶ್ರುತ್‌ನದು, ನಾನೇ ಡ್ರೈವ್ ಮಾಡ್ತೀನಿ, ಅಷ್ಟಾದ್ರೂ ಮಾಡ್ಬೇಕು ಎಂದು ಹಟ ಹಿಡಿದಿದ್ದ. ಮುಂದೆ ಫ್ರಾಸ್ಟ್, ಹಿಂದೆ ಮಾರ್ಥಾ ಮತ್ತು ನಾನು. ಮುನ್ನೂರು ಮೈಲಿ, ಹೊರಗೆ ಮೂವತ್ತಾರು ಡಿಗ್ರಿ ಫ್ಯಾರನ್‌ಹೀಟ್, ಕೊರೆಯುವ ಚಳಿ. ಇಂಡಿಯಾನಾದ ಗಡಿಯ ಆಚೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಒಂದು ಗಂಟೆ ಲಾಭ ಎಂದು ವಿಶ್ರುತ್ ಅಂದಾಗ, ಬರುವಾಗ ಕಳೆಯುತ್ತದೆ ಎಂದೆ. ಆಮೇಲೆ ಕಾರಿನಲ್ಲಿ ಹೆಚ್ಚು ಮಾತಾಗಲಿಲ್ಲ. ಫ್ರಾಸ್ಟ್ ಕೋಟಿನ ಜೇಬಿನಿಂದ ಒಂದು ಹಾಳೆ ತೆಗೆಯುವುದು, ಓದುವುದು, ಮಡಿಸಿಡುವುದು, ಇಷ್ಟನ್ನೇ ಮಾಡುತ್ತಿದ್ದರು. ಅದು ಎಲೀನರ್ ಮುಂದೆ ಹೇಳಬೇಕಾದ ಮಾತು ಎಂದು ಮಾರ್ಥಾ ನನ್ನ ಕಿವಿಯಲ್ಲಿ ಹೇಳಿದರು.

ವಿಶ್ರುತ್ ಆಫೀಸಿನ ಕೆಲಸಕ್ಕೆ ಹೋದಾಗ ಇಳಿದುಕೊಳ್ಳುವ, ಷಿಕಾಗೋದ ಹೊರವಲಯದ ಇಟಾಸ್ಕಾದ ಹೋಟೆಲಿನಲ್ಲಿ ಸಾಮಾನು ಇಟ್ಟು, ಸಂಜೆ ಐದಕ್ಕೆ ಊಟಕ್ಕೆಂದು ನಮ್ಮ ದೇಶದವರ ಅಂಗಡಿಗಳಿರುವ ಡೆವನ್ ಅವೆನ್ಯೂಗೆ ಹೋದೆವು. ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲಿ ಇಪ್ಪತ್ತೈದು ನಿಮಿಷ ಹೋಯಿತು. ಸೀರೆ ಅಂಗಡಿಯ ಕಿಟಕಿಯಲ್ಲಿ ಸಾಲಾಗಿ ನಿಂತ ಗೊಂಬೆಗಳ ಮುಂದೆ ಫ್ರಾಸ್ಟ್ ನಿಂತರು. ಇವೂ ನನ್ನ ಹಾಗೆ, ಯಾರೋ ಉಡಿಸಿದ್ದನ್ನು ಉಟ್ಟುಕೊಂಡು ನಿಂತಿವೆ ಎಂದರು. ಊಟದ ಹೋಟೆಲಿನಲ್ಲಿ ಅವರಿಗಾಗಿ ಮೊಸರನ್ನ ಹೇಳಿದೆ. ಎರಡು ಚಮಚ ತಿಂದು ತಟ್ಟೆ ಸರಿಸಿದರು.

ಮರುದಿನ ಮಧ್ಯಾಹ್ನ ಸಂಘದ ಚಿತ್ರಮಂದಿರಕ್ಕೆ ಹೋದಾಗ ನೂರಿಪ್ಪತ್ತು ಕುರ್ಚಿಗಳಲ್ಲಿ ನಲವತ್ತೊಂದು ಜನ ಇದ್ದರು. ಮುಂದಿನ ಸಾಲಿನಲ್ಲಿದ್ದ ಎತ್ತರದ ಹೆಂಗಸು ಎದ್ದು ಬಂದು ಫ್ರಾಸ್ಟರ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಬಿಳಿಯ ಕೂದಲು, ಊರುಗೋಲು, ಕುತ್ತಿಗೆಗೆ ನೀಲಿ ಬಟ್ಟೆ. ನೀವು ಬಂದದ್ದು ದೊಡ್ಡ ಮಾತು, ನನ್ನ ತಂದೆಯ ಜೊತೆ ನಿಂತಿದ್ದವರಲ್ಲಿ ಈಗ ಉಳಿದವರು ನೀವೊಬ್ಬರೇ ಎಂದರು. ಫ್ರಾಸ್ಟ್ ನೆಲ ನೋಡುತ್ತ ಹೌದು ಎಂದರು. ಇನ್ನೊಂದು ಕೈ ಜೇಬಿನ ಕಾಗದದ ಮೇಲಿತ್ತು.

ದೀಪ ಆರಿತು. ಚಿತ್ರದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ನರ್ಮದೆಯ ಗುಡಿಗೆ ಚೀನಾದ ಕಂದೀಲು ತೂಗುಹಾಕಿದ್ದರು. ಆನೆಯ ಕಿವಿ ಆಫ್ರಿಕಾದ್ದು. ಟ್ರೆಂಟ್ ಸುಂದರ ಪುರುಷ, ನಡಿಗೆಯಲ್ಲಿ ಠೀವಿ ಇತ್ತು. ಅವನು ತೆರೆಯ ಮೇಲೆ ಬಂದಾಗಲೆಲ್ಲ ಮುಂದಿನ ಸಾಲಿನ ಬಿಳಿಯ ತಲೆ ಸ್ವಲ್ಪ ಮುಂದಕ್ಕೆ ಬಾಗುತ್ತಿತ್ತು.

ನಲವತ್ತೇಳನೆಯ ನಿಮಿಷಕ್ಕೆ ಸನ್ಯಾಸಿ ಬಂದ. ಜಡೆ, ಬೂದಿ, ಎಣ್ಣೆ ಬಳಿದ ಕಂದು ಮೈ. ಇಪ್ಪತ್ತಾರು ವರ್ಷದ ವೆಂಡೆಲ್ ಫ್ರಾಸ್ಟ್. ಅವನು ಟ್ರೆಂಟನ ಎದುರು ಬಂದು ನಿಂತಾಗ ಸಭಾಂಗಣದಲ್ಲಿ ಕೆಮ್ಮು ನಿಂತಿತು. ಕಣ್ಣಿನಲ್ಲಿದ್ದದ್ದು ನಿಜವಾದ ದ್ವೇಷ. ಅದಕ್ಕೆ ಭಾಷೆ ಬೇಕಿರಲಿಲ್ಲ. ನನ್ನ ಪಕ್ಕದಲ್ಲಿ ತೊಂಬತ್ತಮೂರರ ಫ್ರಾಸ್ಟ್ ಕಣ್ಣು ಮುಚ್ಚಿಕೊಂಡರು.

ಸನ್ಯಾಸಿ ಹಲ್ಲು ಕಚ್ಚಿ, ಒಂದೊಂದು ಅಕ್ಷರವನ್ನೂ ಉಗುಳುತ್ತ ಹೇಳಿದ:

“ಮುಕ್ಕಾ ಲೊಂದ್ಲೆ ಮುಕ್ಕಾಲು.”

ನಾನು ನೆಟ್ಟಗೆ ಕುಳಿತೆ.

“ಮುಕ್ಕಾ ಲೆರಡ್ಲೆ ಒಂದೂ ವರೆ. ಮುಕ್ಕಾಲ್ ಮೂರ್ಲೆ ಎರಡೂ ಕಾಲು. ಮುಕ್ಕಾಲ್ ನಾಲ್ಕ್ಲೆ ಮೂರು.”

ನಾನು ಓದಿದ ತಿರುಮಕೂಡಲು ನರಸೀಪುರದ ಪ್ರಾಥಮಿಕ ಶಾಲೆಯಲ್ಲಿ ಮೂರನೆಯ ತರಗತಿಯಲ್ಲಿ ಇದನ್ನು ಒಪ್ಪಿಸದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ. ಆಣೆ ಹೋಗಿ ನಯಾಪೈಸೆ ಬಂದ ಮೇಲೆ ಶಾಲೆಗಳು ಇವನ್ನು ಕೈಬಿಟ್ಟವು. ವಿಶ್ರುತ್‌ನ ತಂದೆಗೂ ಇವು ಗೊತ್ತಿರಲಾರವು. ನನ್ನ ವಯಸ್ಸಿನವನಿಗೆ ಮರೆಯಲು ಬರುವುದಿಲ್ಲ. ತೆರೆಯ ಮೇಲಿನ ಸನ್ಯಾಸಿ ಐದನ್ನು ಸರಿಯಾಗಿ ಹೇಳಿದ, ಆರನ್ನು ಸರಿಯಾಗಿ ಹೇಳಿದ. ನಾನು ತುಟಿಯಲ್ಲೇ ಹಿಂಬಾಲಿಸುತ್ತಿದ್ದೆ.

“ಮುಕ್ಕಾಲೇಳ್ಲೆ ಐದೂ ವರೆ,” ಎಂದ ಸನ್ಯಾಸಿ.

“ಐದೂಕಾಲು,” ಎಂದೆ ನಾನು.

ಗಟ್ಟಿಯಾಗಿಯೇ ಅಂದಿರಬೇಕು. ಮೂರು ಸಾಲು ಮುಂದಿದ್ದವರು ತಿರುಗಿ ನೋಡಿದರು. ಯಾರೋ ಶ್ ಎಂದರು. ವಿಶ್ರುತ್ ನನ್ನ ತೋಳು ಹಿಡಿದು, “ಅಂಕಲ್, ಏನಾಯ್ತು?” ಎಂದ. ಎಪ್ಪತ್ತು ವರ್ಷಗಳ ಅಭ್ಯಾಸ. ತಪ್ಪು ಮಗ್ಗಿಯನ್ನು ಕೇಳಿ ಸುಮ್ಮನಿರಲು ನನಗೆ ಸಾಧ್ಯವಿಲ್ಲ. ಸನ್ಯಾಸಿ ಎಂಟು, ಒಂಬತ್ತು, ಹತ್ತನ್ನು ಮುಗಿಸಿದ. ಅನಂತರ ಎರಡೂ ಕೈಗಳನ್ನು ಮೇಲೆತ್ತಿ ಹನ್ನೊಂದನೆಯ ಸಾಲನ್ನು ಗುಡುಗಿದ:

“ಬಿಡ್ತು! ಬಿಡ್ತು! ಬಿಡ್ತು!”

ಮಿಂಚು ಹೊಡೆಯಿತು. ನಾಯಕ ಹೆದರಿ ಹಿಂದೆ ಸರಿದ. ನಾನು ಫ್ರಾಸ್ಟರ ತೋಳು ಮುಟ್ಟಿ, ಹೊರಗೆ ಬನ್ನಿ ಎಂದೆ.

ಹೊರ ಹಜಾರದಲ್ಲಿ ಒಂದು ಬೆಂಚಿತ್ತು. ಅವರನ್ನು ಕೂರಿಸಿದೆ. ಮಾರ್ಥಾ ಮತ್ತು ವಿಶ್ರುತ್ ಹಿಂದೆಯೇ ಬಂದರು. ಫ್ರಾಸ್ಟರ ಮುಖ ಸುಣ್ಣದಂತಾಗಿತ್ತು. ನಾನು ಕೂಗಿದ್ದನ್ನು ಅವರು ಬೇರೆಯೇ ಅರ್ಥ ಮಾಡಿಕೊಂಡಿದ್ದರು.

“ಅಷ್ಟು ಕೆಟ್ಟದ್ದೇ?” ಎಂದು ಕೇಳಿದರು.

“ಅದು ಶಾಪವಲ್ಲ,” ಎಂದೆ. “ಮಗ್ಗಿ. ಮುಕ್ಕಾಲನ್ನು ಒಂದರಿಂದ, ಎರಡರಿಂದ, ಹೀಗೆ ಹತ್ತರವರೆಗೆ ಗುಣಿಸುವ ಲೆಕ್ಕ. ನಮ್ಮ ಕಾಲದಲ್ಲಿ ಎಂಟು ವರ್ಷದ ಮಕ್ಕಳಿಗೆ ಕಲಿಸುತ್ತಿದ್ದರು.”

ಅವರು ನಂಬಲಿಲ್ಲ. ನಂಬದಿದ್ದದ್ದು ಸರಿ, ಹೇಳಿದ ಮಾತ್ರಕ್ಕೆ ನಂಬುವುದು ಒಳ್ಳೆಯ ಪದ್ಧತಿಯಲ್ಲ. ವಿಶ್ರುತ್‌ನ ಕೈಗೆ ಪೆನ್ನು ಕೊಟ್ಟು ಕಾರ್ಯಕ್ರಮ ಪಟ್ಟಿಯ ಹಿಂಭಾಗದಲ್ಲಿ ಮುಕ್ಕಾಲನ್ನು ಒಂದರಿಂದ ಹತ್ತರವರೆಗೆ ಗುಣಿಸಿ ಬರೆ ಎಂದೆ. ಅನಂತರ ಫ್ರಾಸ್ಟರಿಗೆ ಹೇಳಿದೆ: ನೀವು ಒಂದೊಂದೇ ಸಾಲನ್ನು ಮನಸ್ಸಿನಲ್ಲಿ ನೆನೆಯಿರಿ. ಅದರ ಕೊನೆಯ ಶಬ್ದವನ್ನು ನೀವು ಹೇಳುವ ಮೊದಲೇ ನಾನು ಹೇಳುತ್ತೇನೆ, ಅದು ಯಾವ ಸಂಖ್ಯೆ ಎಂದೂ ಹೇಳುತ್ತೇನೆ. ವಿಶ್ರುತ್ ಬರೆದದ್ದಕ್ಕೆ ಅದು ತಾಳೆಯಾಗಬೇಕು. ಹತ್ತರಲ್ಲಿ ಒಂದು ತಪ್ಪಿದರೂ ನನ್ನ ಮಾತನ್ನು ಕರುಣೆಯೆಂದು ತಿಳಿಯಿರಿ.

ಮೂರನೆಯದಕ್ಕೆ ಬಂದಾಗ ನಾನು ಎರಡೂಕಾಲು ಎಂದೆ. ವಿಶ್ರುತ್ ಹಾಳೆ ತೋರಿಸಿದ. ಫ್ರಾಸ್ಟರ ತುಟಿ ಅಲುಗಿತು. ಆರನೆಯದಕ್ಕೆ ನಾಲ್ಕೂವರೆ ಎಂದೆ. ಏಳನೆಯ ಸಾಲನ್ನು ಅವರೇ ಬಾಯಿಬಿಟ್ಟು ಹೇಳಿದರು. ವಿಶ್ರುತ್ ತಾನು ಬರೆದದ್ದನ್ನು ನೋಡಿ, ಇದೊಂದು ಮ್ಯಾಚ್ ಆಗ್ತಿಲ್ಲ ಅಂಕಲ್ ಎಂದ.

“ಆಗುವುದಿಲ್ಲ,” ಎಂದು ಫ್ರಾಸ್ಟರಿಗೆ ಹೇಳಿದೆ. “ಅಲ್ಲಿ ತಪ್ಪಿದವರು ನೀವು. ಕಾಲು ಹೆಚ್ಚು ಹೇಳಿದ್ದೀರಿ. ನಾನು ಒಳಗೆ ಕೂಗಿದ್ದು ಅದಕ್ಕೆ.”

“ನೀವು ಅಲ್ಲಿ ತಿದ್ದುತ್ತಿದ್ದಿರಾ?”

“ಹೌದು.”

“ಅರವತ್ತೇಳು ವರ್ಷದ ಮೇಲೆ?”

“ತಪ್ಪಿಗೆ ವಯಸ್ಸಾಗುವುದಿಲ್ಲ.”

ಹತ್ತೂ ಸಾಲು ಮುಗಿದ ಮೇಲೆ ಮಾರ್ಥಾ ಗೋಡೆಗೆ ಒರಗಿ ನಿಂತು ಕೈಗಳಿಂದ ಮುಖ ಮುಚ್ಚಿಕೊಂಡರು. ಫ್ರಾಸ್ಟ್ ಹಾಳೆಯನ್ನೇ ನೋಡುತ್ತಿದ್ದರು. ಆಮೇಲೆ, ನಾನು ನಿರೀಕ್ಷಿಸಿದ್ದ ಪ್ರಶ್ನೆಯನ್ನು ಮೆಲ್ಲನೆ ಕೇಳಿದರು. ಬಾಯಲ್ಲಿ ಲೆಕ್ಕವಿದ್ದರೂ ಮನಸ್ಸಿನಲ್ಲಿದ್ದದ್ದು ಲೆಕ್ಕವಲ್ಲ. ಅವನು ಹಾಳಾಗಿ ಹೋಗಲಿ ಎಂದೇ ಆ ದಿನ ನಾನು ಅಂದುಕೊಂಡದ್ದು. ಅದಕ್ಕೇನು ಹೇಳುತ್ತೀರಿ?

ಮುಕ್ಕಾಲೇಳ್ಲೆ ಐದೂಕಾಲೇ. ಪ್ರೀತಿಯಿಂದ ಹೇಳಿದರೂ ದ್ವೇಷದಿಂದ ಹೇಳಿದರೂ ಅದು ಬದಲಾಗುವುದಿಲ್ಲ ಎಂದೆ. ಇಷ್ಟು ಸಾಲದು ಎಂದು ಅವರ ಮುಖವೇ ಹೇಳುತ್ತಿತ್ತು. ಹಾಗಾಗಿ ಹನ್ನೊಂದನೆಯ ಸಾಲಿನ ಮಾತು ಎತ್ತಿದೆ. ಕೊನೆಯಲ್ಲಿ ಮೂರು ಸಲ ಹೇಳಿದಿರಲ್ಲ, ಅದು ಮಗ್ಗಿಯಲ್ಲ ಎಂದೆ.

ನಾನು ವಿವರಿಸುವ ಮೊದಲೇ ವಿಶ್ರುತ್ ಎದ್ದು ನಿಂತ.

“ಇದು ನಂಗೊತ್ತು ಅಂಕಲ್, ಇದನ್ನ ನಾನು ಹೇಳ್ತೀನಿ. ನಾವು ಚಿಕ್ಕೋರಿದ್ದಾಗ ಸಾಯಿ ಗೀಯಿ ಅಂತ ಏನಾದ್ರೂ ಅಂದ್ರೆ ಅಜ್ಜಿ ತಲೆ ಮೇಲೆ ಮೊಟಕಿ ‘ಬಿಡ್ತು ಅನ್ನೋ, ಬಿಡ್ತು ಅನ್ನು’ ಅಂತಿದ್ರು. ಬಿಡ್ತು ಅನ್ನೋವರೆಗೂ ಊಟ ಹಾಕ್ತಿರ್ಲಿಲ್ಲ.”

ಹೇಳು ಎಂದೆ. ಅವನು ಇಂಗ್ಲಿಷಿನಲ್ಲಿ ಫ್ರಾಸ್ಟರಿಗೆ ಚೆನ್ನಾಗಿಯೇ ಹೇಳಿದ. ನಮ್ಮಲ್ಲಿ ಕೆಟ್ಟ ಮಾತು ಆಡಬಾರದು. ಅಸ್ತು ದೇವತೆಗಳು ಸದಾ ಸುಳಿದಾಡುತ್ತಿರುತ್ತಾರೆ, ಕೇಳಿಸಿಕೊಂಡವರು ಹಾಗೇ ಆಗಲಿ ಎಂದುಬಿಡುತ್ತಾರೆ. ಬಾಯಿ ತಪ್ಪಿ ಬಂದರೆ ಕೂಡಲೇ ಬಿಡ್ತು ಎನ್ನಬೇಕು. ಹಾಗೆಂದರೆ ಆ ಮಾತು ಬಿಟ್ಟುಹೋಯಿತು, ಯಾರಿಗೂ ತಾಕಲಿಲ್ಲ, ಆಡಿದವನಿಗೂ ಇಲ್ಲ, ಆಡಿಸಿಕೊಂಡವನಿಗೂ ಇಲ್ಲ. ಹೇಳಿ ಮುಗಿಸಿ ಅವನು ನನ್ನ ಕಡೆ ನೋಡಿದ. ಈ ಸಲ ತಪ್ಪಿಲ್ಲ ಎಂದೆ.

ಮೂರ್ತಿ ಎಂಬ ಆ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಆದರೆ ಅವನು ಯಾವ ಮನೆಯಲ್ಲಿ ಬೆಳೆದವನೆಂದು ಹೇಳಬಲ್ಲೆ. ಒಬ್ಬ ಮನುಷ್ಯನ ಬಾಯಿಗೆ ಇನ್ನೊಬ್ಬನ ಮೇಲಿನ ಶಾಪವನ್ನು ಹಾಕಿ ಎಂದು ನಿರ್ದೇಶಕ ಕೇಳಿದಾಗ, ಆಟಕ್ಕಾದರೂ ಅದನ್ನು ಹೇಳಿಕೊಡಲು ಅವನಿಗೆ ನಾಲಗೆ ಬರಲಿಲ್ಲ. ಯಾರಿಗೂ ಕೇಡಾಗದ ಮಗ್ಗಿಯನ್ನು ಕಲಿಸಿದ. ಅದೂ ಸಾಲದೆಂದು, ಹೇಳುವವನ ಮನಸ್ಸಿನಲ್ಲಿ ಏನಾದರೂ ಇದ್ದರೆ ಅದೂ ಹೋಗಲಿ ಎಂದು, ಕೊನೆಗೆ ಬಿಡ್ತು ಸೇರಿಸಿದ. ಮೂರು ಸಲ. ಇದನ್ನು ಫ್ರಾಸ್ಟರಿಗೆ ಹೇಳಿದೆ. ನೀವು ಏನು ಅಂದುಕೊಂಡಿದ್ದಿರೋ ಅದನ್ನು ಅದೇ ಉಸಿರಿನಲ್ಲಿ, ನಿಮ್ಮ ಬಾಯಿಂದಲೇ ಹಿಂದಕ್ಕೆ ಪಡೆದಿದ್ದೀರಿ, ಆ ದೃಶ್ಯವೇ ಅದಕ್ಕೆ ಸಾಕ್ಷಿ ಎಂದೆ.

ಅವರು ಮೊದಲು ಉಸಿರು ಬಿಟ್ಟರು. ಆಮೇಲೆ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಮಾರ್ಥಾ ಹತ್ತಿರ ಹೋದರು. ಅವರು ನಗುತ್ತಿದ್ದರು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವವರೆಗೆ. ಹದಿನೇಳು ವರ್ಷ ನನಗೆ ಕೆಲಸ ಕೊಟ್ಟದ್ದು ಮೂರನೆಯ ಕ್ಲಾಸಿನ ಲೆಕ್ಕ, ಅದನ್ನೂ ತಪ್ಪಾಗಿ ಹೇಳಿದೆ ಎಂದರು. ಜೇಬಿನ ಹಾಳೆಯನ್ನು ತೆಗೆದು ನಾಲ್ಕಾಗಿ ಹರಿದು ಮಗಳ ಕೈಗೆ ಕೊಟ್ಟರು.

ಚಿತ್ರ ಮುಗಿದಾಗ ನಾವು ಒಳಗೆ ಹೋಗಿದ್ದೆವು. ಸಂಘದವರು ತೆರೆಯ ಮುಂದೆ ಕುರ್ಚಿ ಹಾಕಿ ಫ್ರಾಸ್ಟರನ್ನು ಕೂರಿಸಿದರು. ಆನೆಯ ಬಗ್ಗೆ, ಮರಳಿನ ಬಗ್ಗೆ ಯಾರೋ ಕೇಳಿದರು, ಅವರು ಉತ್ತರಿಸಿದರು. ಶಾಪದ ಭಾಷೆ ಯಾವುದೆಂದು ಒಬ್ಬರು ಕೇಳಿದಾಗ, ಕನ್ನಡ, ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿದ್ದಾರೆ, ಅವರು ಕೂಗಿದ್ದನ್ನು ನೀವೆಲ್ಲ ಕೇಳಿದ್ದೀರಿ ಎಂದರು. ಜನ ನಕ್ಕರು. ನಾನು ನಗಲಿಲ್ಲ.

ಕೊನೆಗೆ ಎಲೀನರ್ ಕುಳಿತಲ್ಲಿಂದಲೇ ಕೈ ಎತ್ತಿದರು. ತನಗೆ ತಂದೆಯ ನೆನಪು ಒಂದೂ ಇಲ್ಲ, ಇವತ್ತು ನಡಿಗೆ ನೋಡಿದೆ, ದನಿ ಕೇಳಿದೆ, ಆದರೆ ಅದು ಬೇರೆ ಯಾರೋ ಬರೆದುಕೊಟ್ಟ ಮಾತು ಎಂದರು. ಆಮೇಲೆ ಕೇಳಿದರು:

“ಅಲ್ಲಿ ಅವರು ಯಾವಾಗಲಾದರೂ ನನ್ನ ಮಾತು ಎತ್ತಿದ್ದರೇ?”

ಆ ಮನುಷ್ಯನನ್ನು ನೆನೆದಾಗಲೆಲ್ಲ ಅರವತ್ತೇಳು ವರ್ಷ ಫ್ರಾಸ್ಟ್ ಕಂಡದ್ದು ತಾಯಿಯನ್ನು ಅಣಕಿಸಿದ ಒಂದೇ ಘಟನೆ, ಅದರ ಆಚೆ ಈಚೆ ಏನಿತ್ತೆಂದು ನೋಡಲು ಧೈರ್ಯ ಮಾಡಿರಲಿಲ್ಲ. ಈಗ ನೋಡುತ್ತಿದ್ದರು.

ಮಾತು ಎತ್ತಿದ್ದು ನೆನಪಿಲ್ಲ ಎಂದರು. ಆದರೆ ದಿನವೂ ಸಂಜೆ ನಾಲ್ಕಕ್ಕೆ ಚಿತ್ರೀಕರಣ ನಿಲ್ಲಿಸಿ, ಎಲ್ಲರನ್ನೂ ಸುಮ್ಮನಿರಿಸಿ, ಅವನು ಟೆಲಿಫೋನಿನ ಬಳಿಗೆ ಹೋಗುತ್ತಿದ್ದ. ಮಾತಾಡುತ್ತಿರಲಿಲ್ಲ. ಕುದುರೆಯ ಹಾಗೆ ಕೆನೆದು, ಆ ಕಡೆಯದನ್ನು ಕೇಳಿಸಿಕೊಂಡು, ಮತ್ತೊಮ್ಮೆ ಕೆನೆದು, ಫೋನು ಇಟ್ಟುಬಿಡುತ್ತಿದ್ದ. ಯಾರನ್ನೋ ಅಣಕಿಸುತ್ತಿದ್ದಾನೆ ಎಂದು ನಾನು ತಿಳಿದಿದ್ದೆ. ಆ ಕಡೆ ಇದ್ದದ್ದು ನೀವೇನಾದರೂ...

ಎಲೀನರ್ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಗೋಡೆಯೊಳಗೆ ಒಂದು ಕುದುರೆ ಇದೆ, ಅದು ತನ್ನನ್ನು ಕರೆಯುತ್ತದೆ ಎಂದು ಚಿಕ್ಕಂದಿನಿಂದ ಒಂದು ಕನಸು ಬೀಳುತ್ತಿತ್ತು, ಅದು ಎಲ್ಲಿಂದ ಬಂತೆಂದು ತಾಯಿಗೂ ತಿಳಿದಿರಲಿಲ್ಲ ಎಂದರು. ಅವರ ಮುಖ ಅರಳಿತ್ತು.

ಫ್ರಾಸ್ಟ್ ಕುರ್ಚಿಯ ತುದಿಗೆ ಸರಿದು ಬೆನ್ನು ನೆಟ್ಟಗೆ ಮಾಡಿದರು. ಹೇಗೆ ಮಾಡಿದರೋ ನಾನು ಹೇಳಲಾರೆ. ಕುತ್ತಿಗೆ ಉದ್ದವಾಯಿತು, ಭುಜಕ್ಕೆ ಠೀವಿ ಬಂತು, ಸ್ವಲ್ಪ ಹೊತ್ತಿಗೆ ಮುಂಚೆ ತೆರೆಯ ಮೇಲೆ ಕಂಡ ಎತ್ತರದ ಮನುಷ್ಯನೇ ಅಲ್ಲಿ ಕುಳಿತಂತಾಯಿತು. ಕಾಣದ ಟೆಲಿಫೋನನ್ನು ಕಿವಿಗಿಟ್ಟುಕೊಂಡು ಅವರು ಕೆನೆದರು. ಮೊದಲು ಮೂಗಿನಲ್ಲಿ ಸಣ್ಣದಾಗಿ, ಆಮೇಲೆ ಗಂಟಲಿನಿಂದ, ಕೊನೆಗೆ ತುಟಿ ಅದುರಿಸಿ.

ಎಲೀನರ್ ಇನ್ನೊಮ್ಮೆ ಎಂದರು. ಫ್ರಾಸ್ಟ್ ಇನ್ನೊಮ್ಮೆ ಕೆನೆದರು.